ಕಳೆದ ವರ್ಷದ ನಷ್ಟ ಈ ವರ್ಷದ ರಿಟರ್ನ್‌ಗೆ ಬಂದಿಲ್ಲವೇ? ಬಂಡವಾಳ ಲಾಭದ ಲೆಕ್ಕಕ್ಕೊಂದು ದೋಷ ನಿವಾರಣೆ ಕೈಪಿಡಿ

ಷೇರು, ಮ್ಯೂಚುವಲ್ ಫಂಡ್ ಮಾರಿದವರು ಆದಾಯ ತೆರಿಗೆ ರಿಟರ್ನ್ ತುಂಬುವಾಗ ಎದುರಿಸುವ ತೊಡಕುಗಳಲ್ಲಿ ಬಹುಪಾಲು ಆ ವರ್ಷದ ವ್ಯವಹಾರದಲ್ಲಿ ಹುಟ್ಟಿದವಲ್ಲ. ಹಿಂದಿನ ವರ್ಷದಿಂದ ಬರಬೇಕಾದ ಅಂಕಿ ಬಂದಿರುವುದಿಲ್ಲ, ಬಂದರೂ ತಪ್ಪು ಸಾಲಿನಲ್ಲಿ ಕೂತಿರುತ್ತದೆ. ಸಾಫ್ಟ್‌ವೇರ್ ಆ ಬಗ್ಗೆ ಏನೂ ಹೇಳುವುದಿಲ್ಲ. ಖಾಲಿ ಖಾನೆ ಅದರ ಮಟ್ಟಿಗೆ ದೋಷವಲ್ಲ, ಸೊನ್ನೆ ಅಷ್ಟೇ. ತೆರಿಗೆ ಮಾತ್ರ ಸಾವಿರಗಟ್ಟಲೆ ಹೆಚ್ಚು ಬಂದಿರುತ್ತದೆ.

ಸಂಬಳ ಅಥವಾ ಪಿಂಚಣಿಯ ಜತೆ ಷೇರು ಮತ್ತು ಫಂಡ್ ಮಾರಾಟವಿದ್ದು ಐಟಿಆರ್-2 ಫಾರಂ ತುಂಬುವ ವ್ಯಕ್ತಿಗಳನ್ನು ಮನಸ್ಸಿನಲ್ಲಿಟ್ಟು ಈ ಕೈಪಿಡಿ ಬರೆದಿದ್ದೇನೆ. ಇಂಟ್ರಾಡೇ ಅಥವಾ ಫ್ಯೂಚರ್ಸ್ ಮತ್ತು ಆಪ್ಷನ್ಸ್ ಮಾಡುವವರ ಆದಾಯ ವ್ಯಾಪಾರದ ಆದಾಯ, ಅವರಿಗೆ ಐಟಿಆರ್-3. ಅವರ ಬಂಡವಾಳ ಲಾಭದ ಭಾಗಕ್ಕೆ ಇಲ್ಲಿನ ಮಾತೆಲ್ಲ ಅನ್ವಯಿಸುತ್ತದೆ, ವ್ಯಾಪಾರದ ನಷ್ಟಕ್ಕಲ್ಲ.

ಮೊದಲು ಈ ಕಾಗದಗಳನ್ನು ಎದುರಿಗಿಟ್ಟುಕೊಳ್ಳಿ

ಸಾಫ್ಟ್‌ವೇರ್ ತೆರೆಯುವ ಮುನ್ನ ನಾಲ್ಕು ದಾಖಲೆ ಬೇಕು: ಕಳೆದ ವರ್ಷ ಸಲ್ಲಿಸಿದ ರಿಟರ್ನ್‌ನ ಪೂರ್ಣ ಪಿಡಿಎಫ್, ಅದಕ್ಕೆ ಬೆಂಗಳೂರಿನ ಸಿಪಿಸಿಯಿಂದ (ರಿಟರ್ನ್‌ಗಳನ್ನು ಸಂಸ್ಕರಿಸುವ ಇಲಾಖೆಯ ಕೇಂದ್ರ) ಬಂದ 143(1) ಇಂಟಿಮೇಷನ್ ಎಂಬ ಲೆಕ್ಕ ಪರಿಶೀಲನೆಯ ಪತ್ರ, ಈ ಹಣಕಾಸು ವರ್ಷದ ಬ್ರೋಕರ್ ತೆರಿಗೆ ವರದಿ, ಮತ್ತು ಆದಾಯ ತೆರಿಗೆ ಪೋರ್ಟಲ್‌ನಿಂದ ಇಳಿಸಿಕೊಂಡ ಎಐಎಸ್, ಅಂದರೆ ನಿಮ್ಮ ವ್ಯವಹಾರಗಳ ಬಗ್ಗೆ ಇಲಾಖೆಗೆ ಬಂದ ವಾರ್ಷಿಕ ಮಾಹಿತಿಯ ಪಟ್ಟಿ. ಒಂದು ಪುಟದ ಸ್ವೀಕೃತಿ ಪತ್ರ ಇಲ್ಲಿ ಕೆಲಸಕ್ಕೆ ಬಾರದು. ಅದರಲ್ಲಿ ವರ್ಷವಾರು ನಷ್ಟದ ವಿವರವೇ ಇರುವುದಿಲ್ಲ.

ಈ ನಾಲ್ಕರಲ್ಲಿ ಇಂಟಿಮೇಷನ್‌ಗೇ ಹೆಚ್ಚು ತೂಕ. ಅದರಲ್ಲಿ ನೀವು ಹೇಳಿದ ಅಂಕಿ ಒಂದು ಕಾಲಂನಲ್ಲೂ ಇಲಾಖೆ ಲೆಕ್ಕ ಹಾಕಿದ ಅಂಕಿ ಪಕ್ಕದ ಕಾಲಂನಲ್ಲೂ ಇರುತ್ತದೆ. ಮುಂದಕ್ಕೆ ಒಯ್ಯುವ ನಷ್ಟದ ಸಾಲಿನಲ್ಲಿ ಎರಡೂ ಒಂದೇ ಆಗಿವೆಯೇ ನೋಡಿ. ಬೇರೆಯಾಗಿದ್ದರೆ ತೊಂದರೆ ಈ ವರ್ಷದ ಸಾಫ್ಟ್‌ವೇರ್‌ನದ್ದಲ್ಲ, ಕಳೆದ ವರ್ಷವೇ ಕೂತಿದ್ದು. ಅದನ್ನು ಅಲ್ಲೇ ಸರಿಪಡಿಸದೆ ಈ ವರ್ಷದ ಫಾರಂನಲ್ಲಿ ಎಷ್ಟು ತಿದ್ದಿದರೂ ಪ್ರಯೋಜನವಿಲ್ಲ. ಅನೇಕರು ಮರುಪಾವತಿ ಬಂತೋ ಇಲ್ಲವೋ ಎಂದಷ್ಟೇ ನೋಡಿ ಈ ಪತ್ರ ಮುಚ್ಚುತ್ತಾರೆ. ನಷ್ಟ ಹೊತ್ತುಕೊಂಡಿರುವವರು ಕೊನೆಯ ಪುಟದವರೆಗೂ ಓದಲೇಬೇಕು.

ಸಾಫ್ಟ್‌ವೇರ್‌ಗೆ ಹಳೆಯ ವರ್ಷ ಯಾಕೆ ನೆನಪಿರುವುದಿಲ್ಲ

ಇಲಾಖೆಯ ಯುಟಿಲಿಟಿಯೇ ಇರಲಿ, ಖಾಸಗಿ ಸಾಫ್ಟ್‌ವೇರೇ ಇರಲಿ, ಪ್ರತಿ ಅಸೆಸ್‌ಮೆಂಟ್ ವರ್ಷಕ್ಕೂ (ಆದಾಯ ಗಳಿಸಿದ ಹಣಕಾಸು ವರ್ಷದ ಮರುವರ್ಷ) ಅದರ ಒಳಗಿನ ಫಾರಂ ಹೊಸದು. ಖಾನೆಗಳ ಹೆಸರು, ಸಂಖ್ಯೆ, ತೆರಿಗೆ ದರ ಎಲ್ಲ ಬದಲಾಗುತ್ತವೆ. ಬಂಡವಾಳ ಲಾಭದ ಶೆಡ್ಯೂಲ್ (ಫಾರಂನ ಒಳಗಿನ ವಿವರಪಟ್ಟಿ) ಬದಲಾದಷ್ಟು ಬೇರೆ ಯಾವುದೂ ಬದಲಾಗಿಲ್ಲ. 2018ರಲ್ಲಿ ಪಟ್ಟಿಯಾದ ಷೇರು, ಈಕ್ವಿಟಿ ಫಂಡ್‌ಗಳ ದೀರ್ಘಾವಧಿ ಲಾಭಕ್ಕೆ 112ಎ ಸೆಕ್ಷನ್ ಬಂತು. 2023ರ ಏಪ್ರಿಲ್ 1ರಿಂದ ಖರೀದಿಸಿದ ಸಾಲಪತ್ರ ಫಂಡ್‌ಗಳ ಲಾಭವನ್ನೆಲ್ಲ ಅಲ್ಪಾವಧಿಯೆಂದೇ ಹಿಡಿಯುವ 50ಎಎ ಸೆಕ್ಷನ್ ಬಂತು. 2024ರ ಜುಲೈ 23ರಂದು ವರ್ಷದ ನಡುವೆಯೇ ದರ ಬದಲಾಯಿತು: ಪಟ್ಟಿಯಾದ ಷೇರಿನ ಅಲ್ಪಾವಧಿ (12 ತಿಂಗಳೊಳಗೆ ಮಾರಿದ) ಲಾಭಕ್ಕೆ ಶೇ 15 ಇದ್ದದ್ದು ಶೇ 20 ಆಯಿತು, ದೀರ್ಘಾವಧಿ ಲಾಭಕ್ಕೆ ಶೇ 10 ಇದ್ದದ್ದು ಶೇ 12.5 ಆಯಿತು, 1 ಲಕ್ಷದ ವಿನಾಯಿತಿ 1.25 ಲಕ್ಷವಾಯಿತು. ಹಾಗಾಗಿ 2025-26ರ ಅಸೆಸ್‌ಮೆಂಟ್ ವರ್ಷದ ಫಾರಂನಲ್ಲಿ ಒಂದೇ ಬಗೆಯ ಲಾಭಕ್ಕೆ ಎರಡೆರಡು ಸಾಲು. ಮರುವರ್ಷ ಇಡೀ ವರ್ಷಕ್ಕೆ ಒಂದೇ ದರ, ಆ ವಿಂಗಡಣೆಗೆ ಕೆಲಸವೇ ಇಲ್ಲ.

ಹೀಗಾದಾಗ ಹಳೆಯ ಫೈಲಿನ ಅಂಕಿ ಹೊಸ ಫಾರಂಗೆ ತಾನಾಗಿ ಹರಿಯುವುದಿಲ್ಲ. ಎರಡರ ನಡುವೆ ಸೇತುವೆ ಇರುವುದು ಎರಡೇ ಕಡೆ. ಒಂದು, ಶೆಡ್ಯೂಲ್ ಸಿಎಫ್‌ಎಲ್, ಅಂದರೆ ಮುಂದಕ್ಕೆ ಒಯ್ಯುವ ನಷ್ಟದ ಪಟ್ಟಿ. ಇನ್ನೊಂದು ಯಾವ ಫಾರಂನಲ್ಲೂ ಕಾಣದ್ದು: ಮಾರದೆ ಉಳಿದ ಷೇರುಗಳ ಖರೀದಿ ದಿನಾಂಕ ಮತ್ತು ಖರೀದಿ ಬೆಲೆ. ದೋಷ ಹುಡುಕುವಾಗ ಈ ಎರಡು ಜಾಗವನ್ನು ಬಿಟ್ಟು ಬೇರೆಡೆ ಅಲೆಯುವುದರಲ್ಲೇ ಹೆಚ್ಚು ಹೊತ್ತು ಹೋಗುತ್ತದೆ.

ಹಿಂದಿನಿಂದ ಮುಂದಕ್ಕೆ ನೋಡಿ

ಲೆಕ್ಕ ಸಾಗುವ ದಾರಿ ಹೀಗಿದೆ: ದೀರ್ಘಾವಧಿ ಷೇರು ಮಾರಾಟದ ಶೆಡ್ಯೂಲ್ 112ಎಯಿಂದ ಬಂಡವಾಳ ಲಾಭದ ಶೆಡ್ಯೂಲ್ ಸಿಜಿಗೆ, ಅಲ್ಲಿ ಈ ವರ್ಷದ ಲಾಭ ನಷ್ಟಗಳ ಪರಸ್ಪರ ಹೊಂದಾಣಿಕೆ, ಬಳಿಕ ಈ ವರ್ಷದ ಬೇರೆ ಬಾಬ್ತುಗಳ ನಷ್ಟ ಹೊಂದಿಸುವ ಸಿವೈಎಲ್‌ಎ, ಆಮೇಲೆ ಹಿಂದಿನ ವರ್ಷಗಳ ನಷ್ಟ ಕಳೆಯುವ ಬಿಎಫ್‌ಎಲ್‌ಎ, ಕೊನೆಗೆ ವಿಶೇಷ ದರ ಹಾಕುವ ಎಸ್‌ಐ. ದೋಷ ಹುಡುಕುವವರು ಇದನ್ನು ತಿರುವಿ ಓದಬೇಕು. ಎಸ್‌ಐನಲ್ಲಿ ನಿಮ್ಮ ನಿರೀಕ್ಷೆಗಿಂತ ಹೆಚ್ಚು ಮೊತ್ತವಿದ್ದರೆ ಬಿಎಫ್‌ಎಲ್‌ಎಗೆ ಹೋಗಿ. ಅಲ್ಲಿ ಹಳೆಯ ನಷ್ಟದ ಕಾಲಂ ಸೊನ್ನೆಯಾಗಿದ್ದರೆ ತಪ್ಪು ಸಿಎಫ್‌ಎಲ್‌ನಲ್ಲಿದೆ, ಮಾರಾಟದ ವಿವರ ಮುಟ್ಟಬೇಡಿ. ಆ ಕಾಲಂ ಸರಿಯಿದ್ದು, ನಷ್ಟ ಕಳೆಯುವ ಮೊದಲಿನ ಅಂಕಿಯೇ ಹೆಚ್ಚಿದ್ದರೆ ತಪ್ಪು ಸಿಜಿಯಲ್ಲಿ ಅಥವಾ 112ಎಯಲ್ಲಿದೆ. ಇಷ್ಟು ನೋಡಿದರೆ ಅರ್ಧ ಫಾರಂ ಅನುಮಾನದ ಪಟ್ಟಿಯಿಂದ ಹೊರಬೀಳುತ್ತದೆ.

ಲಕ್ಷಣ: ಹಳೆಯ ನಷ್ಟ ಕಾಣುತ್ತಿಲ್ಲ

ಇದರಿಂದ ಎಷ್ಟು ಹಣ ಕೈಬಿಡುತ್ತದೆ ಎಂದು ಒಂದು ಉದಾಹರಣೆಯಲ್ಲಿ ನೋಡೋಣ. 15 ಲಕ್ಷ ಸಂಬಳದ ಒಬ್ಬರು 2024-25ರ ಹಣಕಾಸು ವರ್ಷದಲ್ಲಿ, ಜುಲೈ 23ರ ನಂತರ, ಷೇರು ಮಾರಿ ಅಲ್ಪಾವಧಿಯಲ್ಲಿ 60,000, ದೀರ್ಘಾವಧಿಯಲ್ಲಿ 1,50,000 ರೂಪಾಯಿ ಗಳಿಸಿದ್ದಾರೆ. ಹಿಂದಿನಿಂದ ಬಂದ ನಷ್ಟ ಅಲ್ಪಾವಧಿಯದು 25,000, ದೀರ್ಘಾವಧಿಯದು 40,000. ಸಿಎಫ್‌ಎಲ್ ಸರಿಯಾಗಿ ತುಂಬಿದ್ದರೆ ಅಲ್ಪಾವಧಿ ಲಾಭ 35,000ಕ್ಕೆ ಇಳಿಯುತ್ತದೆ, ಶೇ 20ರಂತೆ ತೆರಿಗೆ 7,000. ದೀರ್ಘಾವಧಿ ಲಾಭ 1,10,000ಕ್ಕೆ ಇಳಿದು 1.25 ಲಕ್ಷದೊಳಗೆ ಬರುವುದರಿಂದ ಅದಕ್ಕೆ ತೆರಿಗೆಯಿಲ್ಲ. ಸೆಸ್ ಸೇರಿ ಒಟ್ಟು 7,280. ಸಿಎಫ್‌ಎಲ್ ಖಾಲಿ ಬಿದ್ದಿದ್ದರೆ 60,000ಕ್ಕೆ 12,000, ಮತ್ತೆ 1.25 ಲಕ್ಷ ಮೀರಿದ 25,000ಕ್ಕೆ 3,125, ಸೆಸ್ ಸೇರಿ 15,730. ಒಂದು ಪಟ್ಟಿ ಖಾಲಿ ಉಳಿದದ್ದಕ್ಕೆ 8,450 ರೂಪಾಯಿ.

ಕಾರಣಗಳನ್ನು ಹೀಗೆ ಜಾಲಾಡಿ.

ಮೊದಲು, ಸಾಫ್ಟ್‌ವೇರ್ ನಿಮಗೆ ಯಾವ ಫಾರಂ ಆರಿಸಿದೆ? 2025-26ರ ಅಸೆಸ್‌ಮೆಂಟ್ ವರ್ಷದಿಂದ 112ಎ ಅಡಿಯ ದೀರ್ಘಾವಧಿ ಲಾಭ 1.25 ಲಕ್ಷದೊಳಗಿದ್ದರೆ ಐಟಿಆರ್-1 ಸಾಕು. ಸಣ್ಣ ಹೂಡಿಕೆದಾರರಿಗೆ ನಿಜಕ್ಕೂ ಒಳ್ಳೆಯ ಅನುಕೂಲ. ಆದರೆ ಹಿಂದಿನ ನಷ್ಟ ಇರುವವರಿಗೆ, ಈ ವರ್ಷದ ನಷ್ಟವನ್ನು ಮುಂದಕ್ಕೆ ಒಯ್ಯಬೇಕಾದವರಿಗೆ ಅದು ಸಲ್ಲದು, ಆ ಫಾರಂನಲ್ಲಿ ಸಿಎಫ್‌ಎಲ್ ಎಂಬ ಶೆಡ್ಯೂಲೇ ಇಲ್ಲ. ಈ ವರ್ಷದ ಲಾಭವನ್ನಷ್ಟೇ ನೋಡಿ ಐಟಿಆರ್-1 ಸೂಚಿಸುವ ಸಾಫ್ಟ್‌ವೇರ್‌ನ ಮಾತು ಕೇಳಿದರೆ ಹಳೆಯ ನಷ್ಟ ಅಲ್ಲಿಗೇ ನಿಲ್ಲುತ್ತದೆ. ಈ ವರ್ಷ ಏನೂ ಮಾರಿಲ್ಲದಿದ್ದರೂ ಅಷ್ಟೇ. ನಷ್ಟ ಬಾಕಿ ಇರುವವರೆಗೆ ಐಟಿಆರ್-2 ತುಂಬಿ ಸಿಎಫ್‌ಎಲ್ ತೋರಿಸುತ್ತ ಹೋಗುವುದೇ ಕ್ಷೇಮ. ನಡುವೆ ಒಂದು ವರ್ಷ ಬಿಟ್ಟುಹೋದರೆ ಮುಂದಿನ ವರ್ಷ ತಾನಾಗಿ ತುಂಬಿಕೊಳ್ಳಲು ಯುಟಿಲಿಟಿಗೆ ಏನೂ ಸಿಗುವುದಿಲ್ಲ.

ಎರಡನೆಯದು, ವರ್ಷದ ಸಾಲು. ಹಣಕಾಸು ವರ್ಷ 2022-23ರ ನಷ್ಟ ಕೂರಬೇಕಾದದ್ದು 2023-24ರ ಅಸೆಸ್‌ಮೆಂಟ್ ವರ್ಷದ ಸಾಲಿನಲ್ಲಿ. ಬ್ರೋಕರ್ ವರದಿಯ ಶೀರ್ಷಿಕೆಯಲ್ಲಿರುವುದು ಹಣಕಾಸು ವರ್ಷ. ಅದನ್ನು ನೋಡಿ ಕೈಯಾರೆ ತುಂಬುವವರು ಒಂದು ಸಾಲು ಮೇಲೆ ತುಂಬಿಬಿಡುತ್ತಾರೆ. ನಷ್ಟ ಹುಟ್ಟಿದ ಅಸೆಸ್‌ಮೆಂಟ್ ವರ್ಷದ ನಂತರ 8 ಅಸೆಸ್‌ಮೆಂಟ್ ವರ್ಷ ಮಾತ್ರ ಬಾಳುತ್ತದೆ. 2018-19ರದಾದರೆ 2026-27ಕ್ಕೆ ಕೊನೆ. ಒಂದು ಸಾಲು ಮೇಲೆ ಹೋದರೆ ಎಂಟರಲ್ಲಿ ಒಂದು ವರ್ಷ ಕಳೆದುಕೊಂಡಂತೆ, ಜತೆಗೆ ಇಲಾಖೆಯ ದಾಖಲೆಗೂ ತಾಳೆಯಾಗದು. ಹಲವು ವರ್ಷಗಳ ನಷ್ಟ ಕೂಡಿಸಿ ಒಂದೇ ಸಾಲಿನಲ್ಲಿ ಬರೆಯುವುದೂ ಇದೇ ಜಾತಿಯ ತಪ್ಪು.

ಮೂರನೆಯದು, ಆ ಸಾಲಿನಲ್ಲೇ ಇರುವ ರಿಟರ್ನ್ ಸಲ್ಲಿಸಿದ ದಿನಾಂಕ. ಗಡುವಿನೊಳಗೆ ಸಲ್ಲಿಸಿದ ರಿಟರ್ನ್‌ನ ಬಂಡವಾಳ ನಷ್ಟಕ್ಕೆ ಮಾತ್ರ ಮುಂದಕ್ಕೆ ಹೋಗುವ ಹಕ್ಕು, 80ನೇ ಸೆಕ್ಷನ್ ಹಾಗೆ ಹೇಳುತ್ತದೆ. ಪರಿಷ್ಕೃತ ರಿಟರ್ನ್ ಸಲ್ಲಿಸಿದವರ ಫೈಲಿನಲ್ಲಿ ಮೂಲ ರಿಟರ್ನ್‌ನ ದಿನಾಂಕದ ಬದಲು ಪರಿಷ್ಕೃತದ್ದು ಕೂತಿದ್ದರೆ ನಷ್ಟ ಗಡುವು ಮೀರಿದಂತೆ ಕಾಣುತ್ತದೆ. 2025-26ರ ಅಸೆಸ್‌ಮೆಂಟ್ ವರ್ಷದ ಗಡುವು ಜುಲೈ 31ರಿಂದ ಸೆಪ್ಟೆಂಬರ್ 15ಕ್ಕೆ, ಅಲ್ಲಿಂದ ಮತ್ತೊಂದು ದಿನ ಮುಂದೆ 16ಕ್ಕೆ ಹೋಗಿತ್ತು. ಆ ವರ್ಷದ ನಷ್ಟವನ್ನು ಬರುವ ವರ್ಷಗಳಲ್ಲಿ ತುಂಬುವಾಗ ಇದನ್ನು ಲಕ್ಷ್ಯದಲ್ಲಿಡಿ: ಆಗಸ್ಟ್‌ನಲ್ಲಿ ಸಲ್ಲಿಸಿದ್ದರೂ ಅದು ತಡವಾದ ರಿಟರ್ನ್ ಅಲ್ಲ. ಸಾಫ್ಟ್‌ವೇರ್ ತಕರಾರು ಮಾಡಿದರೆ ಅದರ ಹಳೆಯ ಗಡುವಿನ ಪಟ್ಟಿಯನ್ನು ಮೊದಲು ಅನುಮಾನಿಸಿ.

ಇಲ್ಲಿ ಇನ್ನೊಂದು ಮಾತು, ಬಹಳ ಜನಕ್ಕೆ ಗೊತ್ತಿಲ್ಲದ್ದು. ರಿಟರ್ನ್ ಅಪ್‌ಲೋಡ್ ಮಾಡಿದ 30 ದಿನದೊಳಗೆ ಇ-ವೆರಿಫೈ ಮಾಡದಿದ್ದರೆ, ವೆರಿಫೈ ಮಾಡಿದ ದಿನವೇ ಸಲ್ಲಿಸಿದ ದಿನವಾಗುತ್ತದೆ. ಜುಲೈನಲ್ಲೇ ಅಪ್‌ಲೋಡ್ ಮಾಡಿ ಒಟಿಪಿ ಹಾಕುವುದು ಮರೆತವರ ನಷ್ಟವನ್ನು ಸಿಪಿಸಿ ಹೀಗೇ ತಳ್ಳಿಹಾಕುತ್ತದೆ. ಕೇಳಿದವರೆಲ್ಲ ಸಾಫ್ಟ್‌ವೇರ್ ನಷ್ಟ ನುಂಗಿತು ಅನ್ನುತ್ತಾರೆ. ಪೋರ್ಟಲ್‌ನಲ್ಲಿ ಆ ವರ್ಷದ ರಿಟರ್ನ್‌ನ ವೆರಿಫೈ ದಿನಾಂಕ ನೋಡಿದರೆ ನಿಜ ತಿಳಿಯುತ್ತದೆ.

ನಾಲ್ಕನೆಯದು ಖಾಸಗಿ ಸಾಫ್ಟ್‌ವೇರ್ ಬಳಸುವವರದ್ದು, ಆಡಿಟರ್ ಕಚೇರಿಗಳಲ್ಲೂ ಕಾಣುವಂಥದ್ದು. ಹೊಸ ವರ್ಷದ ಫೈಲ್ ಸೃಷ್ಟಿಸಿದ ಕ್ಷಣದಲ್ಲಿ ಹಳೆಯ ಅಂಕಿ ನಕಲಾಗುತ್ತದೆ. ಆಮೇಲೆ ಹಳೆಯ ವರ್ಷಕ್ಕೆ ಪರಿಷ್ಕೃತ ರಿಟರ್ನ್ ಹಾಕಿದರೆ ಹೊಸ ಫೈಲಿಗೆ ಅದರ ಸುದ್ದಿಯಿಲ್ಲ. ಹಳೆಯ ವರ್ಷದ ಅಂತಿಮ ನಷ್ಟ, ಹೊಸ ವರ್ಷದ ಆರಂಭಿಕ ನಷ್ಟ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಬೇರೆಯಾಗಿದ್ದರೆ ಹಿಂದಿನ ವರ್ಷದ ದತ್ತಾಂಶವನ್ನು ಮತ್ತೊಮ್ಮೆ ಆಮದು ಮಾಡಬೇಕು.

ಹೊಸ ತೆರಿಗೆ ಪದ್ಧತಿಗೆ ಬದಲಾದದ್ದಕ್ಕೆ ನಷ್ಟ ಹೋಯಿತೇ ಎಂದು ಕೆಲವರು ಕೇಳುತ್ತಾರೆ. ಇಲ್ಲ. ಬಂಡವಾಳ ನಷ್ಟಕ್ಕೂ ಪದ್ಧತಿಯ ಆಯ್ಕೆಗೂ ಸಂಬಂಧವಿಲ್ಲ.

ದೋಷದಂತೆ ಕಂಡರೂ ದೋಷವಲ್ಲದ್ದು

ಇನ್ನೊಬ್ಬರ ಉದಾಹರಣೆ ನೋಡಿ: ಹಳೆಯ ನಷ್ಟ ಕಳೆಯುವ ಮೊದಲೇ ಈ ವರ್ಷದ 112ಎ ಲಾಭ 1,10,000, ವಿನಾಯಿತಿಯೊಳಗೇ ಇದೆ. ಆದರೂ ಸಾಫ್ಟ್‌ವೇರ್ ಹಳೆಯ ದೀರ್ಘಾವಧಿ ನಷ್ಟದ 40,000ವನ್ನು ಕಳೆದು, ಮುಂದಿನ ವರ್ಷಕ್ಕೆ ಸೊನ್ನೆ ತೋರಿಸುತ್ತಿದೆ. ತೆರಿಗೆಯೇ ಇಲ್ಲದ ಲಾಭಕ್ಕೆ ನಷ್ಟವನ್ನು ಯಾಕೆ ಖರ್ಚು ಮಾಡಬೇಕು ಎಂಬ ಪ್ರಶ್ನೆ ನ್ಯಾಯವಾದದ್ದೇ. ಆದರೆ ಕಾನೂನಿನ ಕ್ರಮ ಹಾಗಿದೆ. ಹಳೆಯ ನಷ್ಟ ಬಿಎಫ್‌ಎಲ್‌ಎಯಲ್ಲಿ ಮೊದಲು ಕಳೆಯುತ್ತದೆ. 1.25 ಲಕ್ಷ ನಿಜದಲ್ಲಿ ಆದಾಯದಿಂದ ಬಿಡುವ ಮೊತ್ತವಲ್ಲ, ಅಷ್ಟರವರೆಗೆ ದರ ಹಾಕದೆ ಬಿಡುವುದು. ಅದು ಎಸ್‌ಐಗೆ ಬಂದಾಗ ಮಾತ್ರ ಲೆಕ್ಕಕ್ಕೆ ಸೇರುತ್ತದೆ. ನಷ್ಟವನ್ನು ಉಳಿಸಿಕೊಳ್ಳಬೇಕೆಂದು ಬಿಎಫ್‌ಎಲ್‌ಎಯ ಅಂಕಿಯನ್ನು ಕೈಯಾರೆ ತಿದ್ದಬೇಡಿ.

ದೀರ್ಘಾವಧಿ ನಷ್ಟ ಅಲ್ಪಾವಧಿ ಲಾಭದೆದುರು ಕಳೆಯುತ್ತಿಲ್ಲ ಎಂಬ ದೂರೂ ಇಂಥದ್ದೇ. ದೀರ್ಘಾವಧಿ ನಷ್ಟಕ್ಕೆ ದೀರ್ಘಾವಧಿ ಲಾಭ ಮಾತ್ರ ಆಸರೆ. ಅಲ್ಪಾವಧಿ ನಷ್ಟ ಮಾತ್ರ ಎರಡರೆದುರೂ ಕಳೆಯುತ್ತದೆ.

ಲಕ್ಷಣ: ದರ ಅಥವಾ ಅವಧಿ ತಪ್ಪಾಗಿ ಬಿದ್ದಿದೆ

ಬ್ರೋಕರ್‌ನಿಂದ ಬಂದ ಫೈಲ್ ನೇರವಾಗಿ ಆಮದಾದರೆ ಈ ತೊಂದರೆ ಕಡಿಮೆ. ನಡುವೆ ಎಕ್ಸೆಲ್‌ನಲ್ಲಿ ತೆರೆದು, ಬೇಡದ ಸಾಲು ಅಳಿಸಿ, ಉಳಿಸಿ, ಮತ್ತೆ ಅಪ್‌ಲೋಡ್ ಮಾಡಿದಲ್ಲಿ ದಿನಾಂಕ ಕೆಡುತ್ತದೆ. ನಮ್ಮಲ್ಲಿ ದಿನ ಮೊದಲು, ತಿಂಗಳು ಆಮೇಲೆ. ಕಂಪ್ಯೂಟರ್ ಅಮೆರಿಕದ ಕ್ರಮಕ್ಕೆ ಹೊಂದಿಸಿದ್ದರೆ ತಿಂಗಳು ಮೊದಲು. 05/08/2024 ಎಂದಿರುವ ಆಗಸ್ಟ್ 5ರ ಮಾರಾಟವನ್ನು ಅದು ಮೇ 8 ಎಂದು ಓದುತ್ತದೆ. ಆಗಸ್ಟ್ 5 ದರ ಬದಲಾದ ನಂತರದ್ದು, ಮೇ 8 ಮೊದಲಿನದ್ದು. 60,000 ರೂಪಾಯಿಯ ಅಲ್ಪಾವಧಿ ಲಾಭಕ್ಕೆ 12,000 ಬರಬೇಕಾದಲ್ಲಿ 9,000 ಬರುತ್ತದೆ. ಕಡಿಮೆ ಬಂತೆಂದು ಯಾರೂ ದೂರುವುದಿಲ್ಲ, ನೋಟಿಸ್ ಬರುವವರೆಗೆ ಗೊತ್ತೂ ಆಗುವುದಿಲ್ಲ.

ಈ ದೋಷ ಅರ್ಧಂಬರ್ಧ ಇರುವುದೇ ಅದನ್ನು ಹಿಡಿಯಲು ಕಷ್ಟವಾಗಿಸುವುದು. ದಿನ 12ಕ್ಕಿಂತ ಹೆಚ್ಚಿರುವ ಸಾಲುಗಳು ತಿರುವಾಗುವುದಿಲ್ಲ, 23ನೇ ತಿಂಗಳು ಎಂಬುದಿಲ್ಲವಲ್ಲ. ಅವು ಅಕ್ಷರವಾಗಿಯೇ ಉಳಿಯುತ್ತವೆ. ಪತ್ತೆಯ ಸುಳಿವೂ ಅಲ್ಲೇ ಇದೆ: ಕಾಲಂ ಅನ್ನು ಸ್ವಲ್ಪ ಅಗಲ ಮಾಡಿ ನೋಡಿ. ಎಕ್ಸೆಲ್ ದಿನಾಂಕವೆಂದು ಒಪ್ಪಿಕೊಂಡದ್ದು ಬಲಕ್ಕೆ ಅಂಟಿರುತ್ತದೆ, ಅಕ್ಷರವೆಂದು ಬಿಟ್ಟದ್ದು ಎಡಕ್ಕೆ. ಒಂದೇ ಕಾಲಂನಲ್ಲಿ ಎರಡೂ ಬಗೆ ಕಂಡರೆ ಬಲಗಡೆಯ ಸಾಲುಗಳು ತಿರುವಾಗಿವೆ ಎಂದೇ ತಿಳಿಯಿರಿ. ಹಣಕಾಸು ವರ್ಷದ ಹೊರಗೆ ಬಿದ್ದ ದಿನಾಂಕವೂ ಸುಳಿವು. 2025ರ ಜನವರಿ 6ರ ಮಾರಾಟ ತಿರುವಾದರೆ 2025ರ ಜೂನ್ 1 ಆಗಿ ಮುಂದಿನ ವರ್ಷಕ್ಕೆ ಜಿಗಿಯುತ್ತದೆ, ಕೆಲವು ಸಾಫ್ಟ್‌ವೇರ್ ಆ ಸಾಲನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಖರೀದಿ ದಿನಾಂಕ ತಿರುವಾದರೆ ದರಕ್ಕಿಂತ ದೊಡ್ಡ ಏಟು ಬೀಳುತ್ತದೆ. 2023ರ ಸೆಪ್ಟೆಂಬರ್ 4ರಂದು ಕೊಂಡು 2024ರ ಜೂನ್ 20ರಂದು ಮಾರಿದ್ದು 12 ತಿಂಗಳ ಒಳಗಿನದ್ದು, ಅಲ್ಪಾವಧಿ. ತಿರುವಾದರೆ ಖರೀದಿ 2023ರ ಏಪ್ರಿಲ್ 9 ಆಗುತ್ತದೆ, ದೀರ್ಘಾವಧಿಯ ಸಾಲಿಗೆ ಹೋಗುತ್ತದೆ. ಅಂದ ಹಾಗೆ 2023ರ ಏಪ್ರಿಲ್ 9 ಭಾನುವಾರ. ಮಾರುಕಟ್ಟೆ ಮುಚ್ಚಿದ ದಿನದ ಖರೀದಿ ಪಟ್ಟಿಯಲ್ಲಿ ಕಂಡರೆ ಮುಂದೆ ಯೋಚಿಸುವ ಅಗತ್ಯವೇ ಇಲ್ಲ. ವಾರದ ದಿನ ತೋರಿಸುವ ಒಂದು ಕಾಲಂ ಹೆಚ್ಚುವರಿಯಾಗಿ ಹಾಕಿ ಶನಿವಾರ ಭಾನುವಾರಗಳನ್ನು ಸೋಸಿ ನೋಡಿ. ಎಲ್ಲ ತಪ್ಪೂ ಹೀಗೆ ಸಿಗುವುದಿಲ್ಲ, 2024ರ ಮೇ 8 ಬುಧವಾರವಾಗಿತ್ತು. ಆದರೆ ಒಂದು ಸಿಕ್ಕರೂ ಇಡೀ ಫೈಲನ್ನು ಬಿಸಾಡಿ ಬ್ರೋಕರ್‌ನಿಂದ ಹೊಸದು ಇಳಿಸಿಕೊಳ್ಳಲು ಅಷ್ಟು ಸಾಕು. ಒಂದೊಂದೇ ದಿನಾಂಕ ತಿದ್ದುತ್ತ ಕೂರುವುದಕ್ಕೆ ನನ್ನ ಒಪ್ಪಿಗೆಯಿಲ್ಲ. ಎಲ್ಲೋ ಒಂದು ಉಳಿದೇ ಉಳಿಯುತ್ತದೆ.

ಲಕ್ಷಣ: ತ್ರೈಮಾಸಿಕ ಪಟ್ಟಿ ತಾಳೆಯಾಗುತ್ತಿಲ್ಲ

ಎಲ್ಲ ತುಂಬಿ ಮುಗಿಸಿ ಪರಿಶೀಲನೆ ಒತ್ತಿದಾಗ ಬರುವ ತಕರಾರು ಇದು. ಶೆಡ್ಯೂಲ್ ಸಿಜಿಯ ಕೊನೆಯ ಟೇಬಲ್ ಎಫ್‌ನಲ್ಲಿ ಲಾಭವನ್ನು ಜೂನ್ 15, ಸೆಪ್ಟೆಂಬರ್ 15, ಡಿಸೆಂಬರ್ 15, ಮಾರ್ಚ್ 15 ಮತ್ತು ಮಾರ್ಚ್ 31ರವರೆಗೆ ಎಂದು ಐದು ಅವಧಿಗೆ ಹಂಚಬೇಕು. ಮುಂಗಡ ತೆರಿಗೆ ತಡವಾದದ್ದಕ್ಕೆ 234ಸಿ ಬಡ್ಡಿ ಹಾಕುವುದು ಇದರ ಆಧಾರದ ಮೇಲೆ. ಜನ ಬ್ರೋಕರ್ ವರದಿಯಲ್ಲಿದ್ದ ತ್ರೈಮಾಸಿಕ ಲಾಭವನ್ನೇ ಇಲ್ಲಿಗೆ ಇಳಿಸುತ್ತಾರೆ. ಫಾರಂ ಕೇಳುವುದು ಅದನ್ನಲ್ಲ, ಹಳೆಯ ನಷ್ಟ ಕಳೆದ ಮೇಲೆ ಬಿಎಫ್‌ಎಲ್‌ಎಯಲ್ಲಿ ಉಳಿದ ಮೊತ್ತವನ್ನು. ಮೇಲಿನ ಉದಾಹರಣೆಯಲ್ಲಿ ಶೇ 20ರ ಸಾಲಿನ ಐದು ಖಾನೆ ಕೂಡಿಸಿದರೆ 35,000 ಬರಬೇಕು, 60,000 ಅಲ್ಲ. ಶೇ 12.5ರ ಸಾಲಿನಲ್ಲಿ 1,10,000 ಬರಬೇಕು.

ಹಾಗಾಗಿ ಟೇಬಲ್ ಎಫ್ ಅನ್ನು ಕೊನೆಗೆ, ಸಿಎಫ್‌ಎಲ್ ಪಕ್ಕಾ ಆದ ಮೇಲೆ ತುಂಬಿ. ಒಂದೆರಡು ರೂಪಾಯಿ ವ್ಯತ್ಯಾಸವಿದ್ದರೆ ಅದು ಪೈಸೆ ದುಂಡಾಗಿಸಿದ್ದರ ಪರಿಣಾಮ, ಮಾರಾಟ ನಡೆದ ಒಂದು ಖಾನೆಯಲ್ಲಿ ಸರಿಹೊಂದಿಸಿದರೆ ಮುಗಿಯಿತು.

ಲಕ್ಷಣ: ಲಾಭವೇ ಹೆಚ್ಚು ಅಥವಾ ಕಡಿಮೆ ಕಾಣುತ್ತಿದೆ

ಮಾರಾಟದ ಒಟ್ಟು ಮೊತ್ತವನ್ನು ಮೊದಲು ಬ್ರೋಕರ್ ವರದಿಯೊಂದಿಗೆ ಹೋಲಿಸಿ. ಸರಿಯಾಗಿ ಎರಡು ಪಟ್ಟು ಇದ್ದರೆ ಎಐಎಸ್‌ನಿಂದ ತಾನಾಗಿ ತುಂಬಿದ ಸಾಲುಗಳ ಮೇಲೆ ನೀವು ಬ್ರೋಕರ್ ಫೈಲನ್ನೂ ಸೇರಿಸಿದ್ದೀರಿ. ಎಐಎಸ್‌ನ ಸಾಲುಗಳನ್ನು ತೆಗೆಯಿರಿ. ಡೆಪಾಸಿಟರಿಗಳು (ಡಿಮ್ಯಾಟ್ ಷೇರುಗಳ ದಾಖಲೆ ಇಡುವ ಸಂಸ್ಥೆಗಳು) ಕೊಡುವ ಆ ಮಾಹಿತಿಯಲ್ಲಿ ಬೆಲೆ ಅಂದಾಜಿನದ್ದಾಗಿರಬಹುದು, ಖರೀದಿ ವೆಚ್ಚ ಖಾಲಿಯೂ ಇರಬಹುದು. ಯಾವ ಮಾರಾಟವೂ ಬಿಟ್ಟುಹೋಗಿಲ್ಲ ಎಂದು ನೋಡಿಕೊಳ್ಳಲು ಎಐಎಸ್ ಬೇಕು, ಲಾಭ ಲೆಕ್ಕ ಹಾಕಲು ಬ್ರೋಕರ್ ದಾಖಲೆ ಬೇಕು. ಬ್ರೋಕರೇಜ್ ಕಳೆಯಬಹುದು, ಷೇರು ವಹಿವಾಟಿನ ಮೇಲಿನ ತೆರಿಗೆಯಾದ ಎಸ್‌ಟಿಟಿ ಕಳೆಯುವಂತಿಲ್ಲ. ಈ ಸಣ್ಣ ಅಂಕಿಯಿಂದಲೂ ಎರಡು ವರದಿ ಬೇರೆಯಾಗಿ ಕಾಣುತ್ತವೆ.

ಮಾರಾಟ ಸರಿಯಿದ್ದು ಖರೀದಿ ಬೆಲೆ ತಪ್ಪಿದ್ದರೆ ತೊಂದರೆ ಹಳೆಯದು. ಡಿಮ್ಯಾಟ್ ಖಾತೆಯಿಂದ ಮೊದಲು ಬಂದ ಷೇರು ಮೊದಲು ಹೋದಂತೆ ಲೆಕ್ಕ. ಬ್ರೋಕರ್ ಬದಲಿಸಿ ಷೇರುಗಳನ್ನು ಹೊಸ ಖಾತೆಗೆ ವರ್ಗಾಯಿಸಿದಾಗ ಖರೀದಿ ದಿನಾಂಕ ಮತ್ತು ಬೆಲೆ ಜತೆಗೆ ಬಂದಿರುವುದಿಲ್ಲ. ಕೆಲವು ಕಡೆ ಬೆಲೆ ಸೊನ್ನೆ ಎಂದೂ ಖರೀದಿ ದಿನ ವರ್ಗಾವಣೆಯ ದಿನ ಎಂದೂ ದಾಖಲಾಗುತ್ತದೆ. ಹತ್ತು ವರ್ಷದ ಹೂಡಿಕೆ ಅಲ್ಪಾವಧಿಯಾಗುತ್ತದೆ, ಇಡೀ ಮಾರಾಟ ಮೊತ್ತ ಲಾಭವಾಗುತ್ತದೆ. ಹಳೆಯ ಬ್ರೋಕರ್ ಖಾತೆ ಮುಚ್ಚುವ ಮುನ್ನವೇ ಕಾಂಟ್ರಾಕ್ಟ್ ನೋಟ್‌ಗಳನ್ನು (ಪ್ರತಿ ವ್ಯವಹಾರಕ್ಕೂ ಬ್ರೋಕರ್ ಕೊಡುವ ಚೀಟಿ) ಇಳಿಸಿಟ್ಟುಕೊಂಡವರು ಈ ಪಾಡಿನಿಂದ ಪಾರು.

ಬೋನಸ್ ಷೇರು ಎರಡು ವರ್ಷಗಳ ಲೆಕ್ಕವನ್ನು ಒಟ್ಟಿಗೇ ಕೆಡಿಸುತ್ತದೆ. 500ರಂತೆ 100 ಷೇರು ಕೊಂಡಿರಿ, ಒಂದಕ್ಕೊಂದು ಬೋನಸ್ ಬಂತು. ಆ್ಯಪ್ ಪ್ರತಿ ಷೇರಿನ ಸರಾಸರಿ 250 ಎಂದು ತೋರಿಸಬಹುದು. ತೆರಿಗೆಗೆ ಹಾಗಲ್ಲ: ಮೊದಲ 100ರ ಬೆಲೆ 500 ಆಗಿಯೇ ಇರುತ್ತದೆ, ಬೋನಸ್‌ನ ಬೆಲೆ ಸೊನ್ನೆ. ಈ ವರ್ಷ 300ರಂತೆ 100 ಮಾರಿದರೆ ಹೋಗುವುದು ಮೂಲ ಷೇರು, 20,000 ನಷ್ಟ. ಸರಾಸರಿಯಲ್ಲಿ ಅದೇ 5,000 ಲಾಭ. ಮರುವರ್ಷ ಬೋನಸ್ ಷೇರುಗಳನ್ನು ಅದೇ 300ಕ್ಕೆ ಮಾರಿದಾಗ ಇಡೀ 30,000 ಲಾಭ, ಸರಾಸರಿಯಲ್ಲಿ ಮತ್ತೆ 5,000. ಒಂದು ವರ್ಷ ಒಂದು ವಿಧಾನ, ಮರುವರ್ಷ ಇನ್ನೊಂದು ಸಾಫ್ಟ್‌ವೇರ್‌ನ ಇನ್ನೊಂದು ವಿಧಾನ ಆದರೆ ತಾಳೆ ಎಂದಿಗೂ ಬರದು. ಬೋನಸ್ ದಾಖಲೆ ದಿನಕ್ಕೆ ಹಿಂದಿನ ಮೂರು ತಿಂಗಳಲ್ಲಿ ಕೊಂಡು, ಒಂಬತ್ತು ತಿಂಗಳೊಳಗೆ ಮೂಲ ಷೇರು ಮಾರಿ, ಬೋನಸ್ ಉಳಿಸಿಕೊಂಡವರಿಗೆ ಆ ನಷ್ಟವನ್ನು ಸೆಕ್ಷನ್ 94(8) ಒಪ್ಪುವುದಿಲ್ಲ ಎಂಬುದನ್ನೂ ಗಮನಿಸಿ.

2018ರ ಜನವರಿ 31ರಂದು ಅಥವಾ ಅದಕ್ಕೂ ಮೊದಲು ಕೊಂಡ ಷೇರುಗಳದ್ದು ಬೇರೆ ಲೆಕ್ಕ. ಆ ದಿನದ ಗರಿಷ್ಠ ಬೆಲೆ ಮತ್ತು ಮಾರಿದ ಬೆಲೆಗಳಲ್ಲಿ ಕಡಿಮೆಯದ್ದನ್ನು ತೆಗೆದುಕೊಂಡು, ಅದನ್ನು ನಿಜವಾದ ಖರೀದಿ ಬೆಲೆಯೊಂದಿಗೆ ಹೋಲಿಸಿ ಹೆಚ್ಚಿನದ್ದನ್ನು ವೆಚ್ಚವೆಂದು ಹಿಡಿಯಬೇಕು. 100ಕ್ಕೆ ಕೊಂಡದ್ದು, ಆ ದಿನ 260 ಇತ್ತು, 240ಕ್ಕೆ ಮಾರಿದಿರಿ: ವೆಚ್ಚ 240, ಲಾಭ ಸೊನ್ನೆ. ಸಾಫ್ಟ್‌ವೇರ್ 20 ನಷ್ಟ ತೋರಿಸಿದರೆ ಅದು ತಪ್ಪು. ಆಮೇಲೆ ಷೇರು ವಿಭಜನೆಯಾಗಿದ್ದರೆ 2018ರ ಬೆಲೆಯನ್ನೂ ಅದೇ ಪ್ರಮಾಣದಲ್ಲಿ ಭಾಗಿಸಬೇಕು. 1,000 ಇದ್ದದ್ದು ಒಂದಕ್ಕೆ ಐದು ವಿಭಜನೆಯ ನಂತರ 200. ಭಾಗಿಸದೆ ಬಿಟ್ಟರೆ ಲಾಭ ಸುಮ್ಮನೆ ಸೊನ್ನೆಯಾಗುತ್ತದೆ. ಶೆಡ್ಯೂಲ್ 112ಎಯಲ್ಲಿ ಲಾಭವೇ ಇಲ್ಲದ ಸಾಲು ಸಾಲು ಕಂಡರೆ ಇದನ್ನೇ ಮೊದಲು ನೋಡಿ.

2024ರ ಅಕ್ಟೋಬರ್ 1ರಿಂದ ಕಂಪನಿಗೆ ಬೈಬ್ಯಾಕ್‌ನಲ್ಲಿ ಕೊಟ್ಟ ಷೇರಿನ ಹಣ ಲಾಭಾಂಶವೆಂದು ಇತರ ಆದಾಯಕ್ಕೆ ಹೋಗುವ, ಖರೀದಿ ವೆಚ್ಚ ಬಂಡವಾಳ ನಷ್ಟವಾಗುವ ನಿಯಮ ಬಂದಿತ್ತು. 2025-26ರ ಫಾರಂನಲ್ಲಿ ಆ ನಷ್ಟ ಸಿಗಬೇಕಾದರೆ ಲಾಭಾಂಶದ ಕಡೆಯೂ ತೋರಿಸಿರಬೇಕು.

ಲಕ್ಷಣ: ಅದೇ ಫೈಲ್, ಬೇರೆ ದಿನ ಬೇರೆ ತೆರಿಗೆ

ಇದು ನಿಮ್ಮ ಭ್ರಮೆಯಲ್ಲ. ಯುಟಿಲಿಟಿ ವರ್ಷದ ನಡುವೆಯೂ ಬದಲಾಗುತ್ತದೆ. 2024ರ ಜುಲೈ 5ರಂದು ಬಂದ ಬದಲಾವಣೆಯ ನಂತರ, ಹೊಸ ಪದ್ಧತಿಯಲ್ಲಿ ವಿಶೇಷ ದರದ ಅಲ್ಪಾವಧಿ ಲಾಭಕ್ಕೆ 87ಎ ರಿಯಾಯಿತಿ (ಕಡಿಮೆ ಆದಾಯದವರಿಗೆ ಸಿಗುವ ತೆರಿಗೆ ಕಡಿತ) ಸಿಗುವುದು ನಿಂತಿತು. ವಿಷಯ ಬಾಂಬೆ ಹೈಕೋರ್ಟ್‌ಗೆ ಹೋಗಿ, ಡಿಸೆಂಬರ್‌ನ ಮಧ್ಯಂತರ ಆದೇಶದ ಬಳಿಕ ತಡವಾದ ಮತ್ತು ಪರಿಷ್ಕೃತ ರಿಟರ್ನ್‌ಗಳ ಗಡುವು 2025ರ ಜನವರಿ 15ಕ್ಕೆ ವಿಸ್ತರಣೆಯಾಯಿತು. 2026-27ರ ಅಸೆಸ್‌ಮೆಂಟ್ ವರ್ಷದಿಂದ ಈ ರಿಯಾಯಿತಿ ವಿಶೇಷ ದರದ ಆದಾಯಕ್ಕೆ ಇಲ್ಲವೆಂದು ಕಾನೂನೇ ಸ್ಪಷ್ಟಪಡಿಸಿತು. ಹಾಗಾಗಿ ಹಳೆಯ ಕರಡನ್ನು ತೆರೆದಾಗ ಮೊದಲು ಯುಟಿಲಿಟಿಯ ಆವೃತ್ತಿ ನೋಡಿ, ಹೊಸದು ಇಳಿಸಿಕೊಂಡು ಕರಡನ್ನು ಅದಕ್ಕೆ ಆಮದು ಮಾಡಿ, ಪ್ರತಿ ಶೆಡ್ಯೂಲನ್ನೂ ಮತ್ತೆ ದೃಢಪಡಿಸಿ. ಸಲ್ಲಿಸಿದ ದಿನದ ಜೆಸನ್ ಫೈಲನ್ನು (ಪೋರ್ಟಲ್‌ಗೆ ಏರಿಸುವ ದತ್ತಾಂಶದ ಫೈಲ್) ಪಿಡಿಎಫ್ ಜತೆಗೇ ಇಟ್ಟುಕೊಂಡರೆ ಯಾವ ದಿನ ಯಾವ ಲೆಕ್ಕ ಬಂದಿತ್ತು ಎಂದು ತೋರಿಸಲು ಆಧಾರವಿರುತ್ತದೆ.

ದೋಷ ಸಿಕ್ಕಿತು, ಎಲ್ಲಿ ತಿದ್ದುವುದು?

ಇನ್ನೂ ಸಲ್ಲಿಸಿಲ್ಲವಾದರೆ ಕರಡಿನಲ್ಲೇ. ಸಲ್ಲಿಸಿಯಾಗಿದ್ದರೆ ಪರಿಷ್ಕೃತ ರಿಟರ್ನ್, ಅದರ ಗಡುವಿನೊಳಗೆ. 2025-26ಕ್ಕೆ ಅದು 2025ರ ಡಿಸೆಂಬರ್ 31 ಆಗಿತ್ತು. ರಿಟರ್ನ್‌ನಲ್ಲಿ ನೀವು ಸರಿಯಾಗಿಯೇ ತೋರಿಸಿದ ನಷ್ಟವನ್ನು ಸಿಪಿಸಿ ಬಿಟ್ಟಿದ್ದರೆ ಸೆಕ್ಷನ್ 154ರಡಿ ತಿದ್ದುಪಡಿ ಕೋರಿಕೆ, ಆದೇಶವಾದ ಹಣಕಾಸು ವರ್ಷ ಮುಗಿದ ಮೇಲೆ 4 ವರ್ಷದವರೆಗೆ ಅವಕಾಶವಿದೆ. ನೀವೇ ಸಿಎಫ್‌ಎಲ್ ಖಾಲಿ ಬಿಟ್ಟಿದ್ದರೆ 154 ನೆಚ್ಚಿ ಕೂರಬೇಡಿ, ಪರಿಷ್ಕೃತ ರಿಟರ್ನ್‌ನ ಗಡುವು ಮುಗಿಯುವ ಮುನ್ನ ಅದನ್ನೇ ಹಾಕಿ. ಆ ಗಡುವುಗಳೆಲ್ಲ ಮುಗಿದ ಮೇಲೆ ಹೆಚ್ಚುವರಿ ತೆರಿಗೆ ಕಟ್ಟಿ ಸಲ್ಲಿಸುವ ಅಪ್‌ಡೇಟೆಡ್ ರಿಟರ್ನ್ ನಷ್ಟ ಹೆಚ್ಚಿಸಿಕೊಳ್ಳಲು ಒದಗುವುದಿಲ್ಲ.

ರಿಟರ್ನ್ ತಡವಾದದ್ದರಿಂದ, ಅಥವಾ ವೆರಿಫೈ ತಡವಾದದ್ದರಿಂದ ನಷ್ಟ ಹೋಗಿದ್ದರೆ ಉಳಿದಿರುವುದು ಸೆಕ್ಷನ್ 119(2)(ಬಿ) ಅಡಿಯ ವಿಳಂಬ ಮನ್ನಾ ಅರ್ಜಿ. 2024ರ ಅಕ್ಟೋಬರ್ 1ರ ಸುತ್ತೋಲೆ 11/2024ರ ಪ್ರಕಾರ ಆ ಅಸೆಸ್‌ಮೆಂಟ್ ವರ್ಷ ಮುಗಿದ 5 ವರ್ಷದೊಳಗೆ ಸಲ್ಲಿಸಬೇಕು. ತಡವಾಗಲು ನಿಜವಾದ ಅಡಚಣೆ ಇತ್ತೆಂದು ತೋರಿಸುವ ಕಾಗದ ಬೇಕು: ಆಸ್ಪತ್ರೆಯ ದಾಖಲೆ, ಪೋರ್ಟಲ್‌ನ ದೋಷ ಸಂದೇಶದ ಚಿತ್ರ, ಆ ದಿನಗಳ ಪತ್ರವ್ಯವಹಾರ. ಮನ್ನಾ ಆದೇಶ ಬಂದ ಮೇಲೆ ಆ ವರ್ಷದ ರಿಟರ್ನ್ ಅನ್ನು ಅದರ ಅಡಿಯಲ್ಲಿ ಸಲ್ಲಿಸಿ, ಅದಕ್ಕೆ ಇಂಟಿಮೇಷನ್ ಬಂದು, ಅದರ ನಷ್ಟದ ಕಾಲಂ ಸರಿಯಿದೆ ಎಂದು ನೋಡಿದ ನಂತರವೇ ಮುಂದಿನ ವರ್ಷದ ಸಿಎಫ್‌ಎಲ್ ತುಂಬಿ.